ಐದನೆಯ ಸಾಲು

ಇದು ೧೯೭೪ರ ಮಾತು. ಆಗ ನನಗೆ ಇಪ್ಪತ್ತೆರಡು. ಮುದ್ದೇಬಿಹಾಳ ತಾಲೂಕಿನ ತಂಗಡಗಿ ಹತ್ತಿರದ ನಮ್ಮೂರಲ್ಲಿ ನಾವು ನಾಲ್ಕೈದು ಗೆಳೆಯರು ಸೇರಿ ಹಳೆಯ ಚಾವಡಿಯಲ್ಲಿ ಒಂದು ವಾಚನಾಲಯ ನಡೆಸುತ್ತಿದ್ದೆವು. ಎರಡು ಬೆಂಚು, ಒಂದು ಮೇಜು, ಮಧ್ಯಾಹ್ನದ ಬಸ್ಸಿಗೆ ಬರುವ ಒಂದು ದಿನಪತ್ರಿಕೆ. ನಾನು ಅದರ ಸೆಕ್ರೆಟರಿ. ಯಾರೂ ಆರಿಸಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ಕು, ದಾರ ಕಟ್ಟಿದ ಒಂದು ಪೆನ್ಸಿಲ್ಲು ಇಟ್ಟಿದ್ದೆವು. ಊರಿನ ಯಾವ ವಿಷಯದ ಬಗ್ಗೆ ಬೇಕಾದರೂ ಯಾರು ಬೇಕಾದರೂ ಬರೆಯಬಹುದು. ಅದರ ಕೆಳಗೆ ಇನ್ನೊಬ್ಬರು ಉತ್ತರ ಬರೆಯಬಹುದು. ಹೆಸರು ಮಾತ್ರ ಹಾಕುವಂತಿಲ್ಲ. ಈ ನಿಯಮ ನನ್ನ ತಲೆಯಿಂದಲೇ ಬಂದದ್ದು. ದೊಡ್ಡವರ ಎದುರು ಬಾಯಿ ಬಿಡಲಾಗದವರು ಇಲ್ಲಾದರೂ ಬಿಡಲಿ ಅಂತ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಬಾವಿಯ ನೀರು ಸೇದುವ ಗಡಗಡಿ ಮುರಿದು ತಿಂಗಳಾಯಿತು ಅಂತ ಯಾರೋ ಬರೆದರು, ವಾರದೊಳಗೆ ಹೊಸದು ಬಂತು. ನಾನು ಎದೆಯುಬ್ಬಿಸಿಕೊಂಡು ತಿರುಗಾಡಿದೆ.

ಕುರಿ ಕಾಯುವ ಮಾಳಪ್ಪ ಕಾಕಾನ ಮಗಳು ರೇಣವ್ವ ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅಷ್ಟು ಓದಿದ ಹುಡುಗಿ ನಮ್ಮೂರಲ್ಲಿ ಅವಳೇ ಮೊದಲು. ಬಸವನ ಬಾಗೇವಾಡಿಯ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುವುದೆಂದು ಮಾತಾಗಿತ್ತು. ಹೋಗುವ ತನಕ ವಾಚನಾಲಯಕ್ಕೆ ಬಾ ಅಂತ ಅವಳನ್ನು ಕರೆದವನು ನಾನೇ. ಬಂದಳು. ಎರಡನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದಳು: ‘ವಾರದಲ್ಲಿ ಒಂದು ದಿನ ಹೆಣ್ಣುಮಕ್ಕಳಿಗೂ ಇಲ್ಲಿ ಕೂತು ಓದಲು ಬಿಡಬೇಕು.’ ಹೆಸರಿಲ್ಲದಿದ್ದರೇನು, ಹಾಗೆ ಬರೆಯುವವಳು ಊರಿಗೆಲ್ಲ ಒಬ್ಬಳೇ.

ಸಂಜೆಯೊಳಗೆ ಉತ್ತರಗಳು ಬಂದವು. ‘ಮೊದಲು ರೊಟ್ಟಿ ಬಡಿಯುವುದು ಕಲಿ.’ ‘ಕುರಿಗೆ ಪೇಪರ್ ಓದಿ ಹೇಳುತ್ತೀಯೇನು?’ ‘ಒಬ್ಬಾಕಿ ಬಂದರೆ ಊರೇ ಕೆಡುತ್ತದೆ.’ ‘ಓದಲು ಬರುತ್ತಾಳೋ, ವರ ನೋಡಲೋ?’ ಇವನ್ನು ಹರಿದು ಹಾಕಬೇಕಾದವನು ನಾನು. ಅಷ್ಟರಲ್ಲಿ ಒಬ್ಬ ಗೆಳೆಯ, “ಆಕೀನ್ನ ಕರಕೊಂಡ ಬಂದಾಂವ ನೀನ. ಏನಲೇ ನಡಸೀ?” ಅಂತ ಎಲ್ಲರೆದುರು ಚುಡಾಯಿಸಿದ. ನನ್ನ ಮುಖ ಕೆಂಪಾಯಿತು. ಅವಳ ಪರ ಅಲ್ಲ ಅಂತ ತೋರಿಸಿಕೊಳ್ಳಲು ಪೆನ್ಸಿಲ್ಲು ಎಳೆದುಕೊಂಡು ಐದನೆಯ ಸಾಲು ಬರೆದೆ: ‘ಈಕೆ ಪಾಸಾದದ್ದು ಓದಿ ಅಲ್ಲ, ಮಾಸ್ತರರನ್ನು ನೋಡಿ ನಕ್ಕು.’ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ಯ ಹೇಳುತ್ತೇನೆ, ನನಗೂ ಖುಷಿಯಾಯಿತು.

ಮರುದಿನ ರೇಣವ್ವ ಬಂದಳು, ಓದಿದಳು, ಹೋದಳು. ಆಮೇಲೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಳಪ್ಪ ಕಾಕಾ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅಲ್ಲಿ ಹತ್ತು ಮಂದಿ ಇದ್ದೆವು. ಅವನಿಗೆ ಓದಲು ಬರೆಯಲು ಬಾರದು. ನೋಟ್‌ಬುಕ್ಕನ್ನು ನನ್ನ ಮುಂದೆ ಸರಿಸಿದ.

“ತಮ್ಮಾ, ನನ್ನ ಮಗಳ ಮ್ಯಾಲ ಇದರಾಗ ಏನೋ ಬರದಾರಂತ. ಓದಿ ಹೇಳು.”

“ಬಿಡ್ರಿ ಕಾಕಾ, ಹುಡುಗರ ಚ್ಯಾಷ್ಟಿ” ಅಂದೆ.

“ಓದು” ಅಂದ.

ಓದಿದೆ. ಒಂದು, ಎರಡು, ಮೂರು, ನಾಲ್ಕು. ಅವನು ಕಣ್ಣು ಮಿಟುಕಿಸದೆ ಕೇಳಿದ. ನಾನು ನೋಟ್‌ಬುಕ್ಕು ಮುಚ್ಚಿದೆ.

“ಐದು ಅದಾವ ಅಂದಿದ್ಲು. ನೀ ನಾಕ ಓದಿದಿ.”

ಗೆಳೆಯರೆಲ್ಲ ನೆಲ ನೋಡತೊಡಗಿದರು. ಮತ್ತೆ ಪುಟ ತೆಗೆದು ಐದನೆಯದನ್ನೂ ಓದಿದೆ. ಬರೆಯುವಾಗ ಎಷ್ಟು ಹಗುರವಾಗಿದ್ದ ಮಾತು! ಅವಳ ಅಪ್ಪನ ಮುಖ ನೋಡಿ ಹೇಳುವಾಗ ನಾಲಿಗೆಯೇ ಹೊರಳಲಿಲ್ಲ.

“ಇದನ್ನ ಯಾರ ಬರದಾರ?”

“ನಾನ ಬರದೇನ್ರಿ.”

“ಗೊತ್ತೈತಿ. ಆಕೀ ಕಾಲೇಜ ಫಾರ್ಮ್ ತುಂಬಿ ಕೊಟ್ಟಾಂವ ನೀನ ಅಲ್ಲೇನು? ನಿನ್ನ ಅಕ್ಷರದ ಗುರ್ತ ಆಕಿಗೆ ಐತಿ. ನಿನ್ನ ಬಾಯಿಂದನ ಕೇಳೂಣು ಅಂತ ಬಂದ್ನಿ.” ಪುಟದ ಮೇಲೆ ಕೈಯಿಟ್ಟು ಹೇಳಿದ: “ಉಳದ ನಾಕಕ್ಕ ಆಕಿ ಅಳಲಿಲ್ಲ. ‘ಅನ್ಲಿ ಬಿಡಪಾ, ಅವರು ಅನ್ನೂದ ಹಂಗ’ ಅಂದ್ಳು. ನಿಂದ ಓದಿ ಬಂದಾಗಿಂದ ತುತ್ತ ಎತ್ತಿಲ್ಲ.”

ಅವನು ಕೋಲಿನಿಂದ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು. ಬೈಯಲೂ ಇಲ್ಲ. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಆಮೇಲೆ ಅವನು ಉಳಿದದ್ದನ್ನೂ ಹೇಳಿದ. ನನ್ನ ಆ ಸಾಲು ಬಾಯಿಂದ ಬಾಯಿಗೆ ಹೋಗಿ, ಸಂತೆಗೆ ಹೋದವರ ಜೊತೆ ಬಾಗೇವಾಡಿ ಮುಟ್ಟಿತ್ತು. ಅಂಥ ಹುಡುಗಿ ನಮ್ಮ ಮನೆಗೆ ಬೇಡ ಅಂತ ಸೋದರಮಾವ ಹೇಳಿಕಳಿಸಿದ್ದ. ಅಲ್ಲಿ ಜಾಗ ಇಲ್ಲದಿದ್ದರೆ ಕಾಲೇಜೂ ಇಲ್ಲ.

“ಕಾಕಾ, ನಾನ ಬಂದ ಹೇಳತೇನ್ರಿ, ಅದು ಸುಳ್ಳ ಅಂತ” ಅಂದೆ.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೋದೆವು. ರೇಣವ್ವನ ಸೋದರಮಾವನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ, ಕೈ ಮುಗಿದೆ. ಅವನು ಒಳ್ಳೆಯ ಮನುಷ್ಯ. ಚಹಾ ತರಿಸಿದ. ಆಮೇಲೆ ಅಂದ:

“ನೀ ಬರದದ್ದು ಸುಳ್ಳ ಅಂತ ನನಗ ಹೇಳಿದಿ, ನಂಬಿದೆ. ಕೇಳಿ ನಕ್ಕ ಮಂದಿಗೆ ಯಾರ ಹೇಳವ್ರು? ನನಗೂ ಎರಡ ಹೆಣ್ಣಮಕ್ಕಳ ಅದಾವ ತಮ್ಮಾ.”

ರೇಣವ್ವ ಕಾಲೇಜಿಗೆ ಹೋಗಲಿಲ್ಲ. ಮುಂದಿನ ವರ್ಷ ಸಿಂದಗಿ ಕಡೆ ದೇವಣಗಾಂವಕ್ಕೆ ಅವಳನ್ನು ಮದುವೆ ಮಾಡಿ ಕೊಟ್ಟರು.

ವಾಚನಾಲಯದ ನಿಯಮ ಬದಲಾಯಿಸಿದೆವು. ಬರೆದವನು ಹೆಸರು ಹಾಕಬೇಕು. ಭಾನುವಾರ ಎಲ್ಲರೆದುರು, ಯಾರ ಬಗ್ಗೆ ಬರೆದನೋ ಅವರೆದುರು, ತಾನೇ ನಿಂತು ಓದಬೇಕು. ಬರೆಯುವವರು ಅರ್ಧಕ್ಕರ್ಧ ಕಡಿಮೆಯಾದರು. ಉಳಿದವರು ಜಗಳವಾಡಿದರು, ಬಾಯಿ ಮಾಡಿದರು, ಆದರೆ ಒಬ್ಬರ ಮಾನ ತೆಗೆಯಲಿಲ್ಲ.

ಈಗ ನಮ್ಮೂರಿನವರದೊಂದು ಮೊಬೈಲ್ ಗ್ರೂಪ್ ಇದೆ. ಹಿರಿಯ ಅಂತ ನನ್ನನ್ನೂ ಸೇರಿಸಿದ್ದಾರೆ. ಯಾರಾದರೂ ಯಾರ ಮೇಲಾದರೂ ಹಗುರವಾಗಿ ಬರೆದಾಗ, “ಇದನ್ನ ಅವರಪ್ಪನ ಮುಂದ ಓದ್ತೀ ಏನಪಾ?” ಅಂತ ಕೇಳುತ್ತೇನೆ. ಕೆಲವರು ಅಳಿಸುತ್ತಾರೆ, ಕೆಲವರು ಮುದುಕನಿಗೆ ಅರಳುಮರಳು ಅಂತ ನಗುತ್ತಾರೆ.

ನಗಲಿ. ನನ್ನನ್ನು ಕೊರೆಯುವುದು ಬೇರೆ. ಆಗ ಮಾಳಪ್ಪ ಕಾಕಾನ ಮುಂದೆ ತಪ್ಪೊಪ್ಪಿಕೊಂಡೆ, ಸೋದರಮಾವನಿಗೆ ಕೈ ಮುಗಿದೆ, ವಾಚನಾಲಯದ ಗಂಡಸರಿಗೆಲ್ಲ ಬುದ್ಧಿ ಹೇಳಿದೆ. ರೇಣವ್ವನ ಮನೆ ನಮ್ಮ ಮನೆಯಿಂದ ನಾಲ್ಕೇ ಮನೆ ಆಚೆಗಿತ್ತು. ಮದುವೆಯಾಗಿ ಹೋಗುವ ತನಕ ಒಂದು ವರ್ಷ ಅವಳು ಅಲ್ಲೇ ಇದ್ದಳು. ಅವಳ ಹತ್ತಿರ ಮಾತ್ರ ನಾನು ಒಂದು ದಿನವೂ ಹೋಗಲಿಲ್ಲ.