ಸುನಿಲಣ್ಣ ಹೊರದೇಶದವನೆಂದು ಸಾಬೀತಾದದ್ದು

ಕೊಪ್ಪದಿಂದ ಹರಿಹರಪುರದ ಕಡೆಗೆ ಹೋಗುವ ದಾರಿಯಲ್ಲಿ, ನಾಲ್ಕು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿರುವ ಗಂಭೀರ ವಿವಾದವೊಂದಿದೆ. ಎರಡು ಕಡೆಯವರೂ ಪಟ್ಟು ಸಡಿಲಿಸಿಲ್ಲ. ರಾಜಿ ಮಾಡಿಸಲು ಹೋದವರು ಬೈಸಿಕೊಂಡು ಬಂದಿದ್ದಾರೆ. ಚಹಾಪುಡಿಯನ್ನು ಪಾತ್ರೆ ಒಲೆಯ ಮೇಲಿರುವಾಗಲೇ ಹಾಕಬೇಕೋ, ಕೆಳಗಿಳಿಸಿದ ಮೇಲೆ ಹಾಕಬೇಕೋ ಎಂಬುದೇ ಆ ವಿವಾದ. ಒಲೆಯ ಮೇಲೆ ಹಾಕಿ, ಅದರ ಜೀವ ಹೋಗುವವರೆಗೆ ಕುದಿಸಬೇಕೆನ್ನುವ ಪಕ್ಷಕ್ಕೆ ಭೈರಮ್ಮ ನಾಯಕಿ; ಎಸ್ಟೇಟಿನ ಗೇಟಿನೆದುರು ಅವರ ಹೋಟೆಲಿದೆ. ಇಳಿಸಿದ ಮೇಲೆ ಹಾಕಬೇಕೆನ್ನುವ ಪಕ್ಷದಲ್ಲಿ ಇರುವವರು ಒಬ್ಬರೇ. ಅದೇ ಎಸ್ಟೇಟಿನ ಕಾರ್ಖಾನೆಯಲ್ಲಿ ಆ ಪುಡಿಯನ್ನು ತಯಾರಿಸುವ ಸುನಿಲ್ ಬಂಡಾರ.

ಸೂರ್ಯ ಕಾಣುವುದಕ್ಕೆ ಮೊದಲೇ ಸುನಿಲ್ ಕಾರ್ಖಾನೆಯ ಮೇಲಂತಸ್ತಿನಲ್ಲಿರುತ್ತಾರೆ. ಹಿಂದಿನ ದಿನ ಕಿತ್ತು ತಂದ ಎಲೆ ಉದ್ದನೆಯ ಬಲೆಗಳ ಮೇಲೆ ಹರಡಿಕೊಂಡು ಬಾಡುತ್ತಿದೆ. ಕೆಳಗಿನಿಂದ ಫ್ಯಾನ್ ಗಾಳಿ ಊದುತ್ತಿದೆ. ಅವರು ಒಂದು ಹಿಡಿ ಎಲೆ ಎತ್ತಿ, ಹಿಸುಕಿ ಉಂಡೆ ಮಾಡಿ, ಮುಷ್ಟಿ ಬಿಚ್ಚಿ ಕಾಯುತ್ತಾರೆ. ಉಂಡೆ ತಟ್ಟನೆ ಅರಳಿದರೆ ಎಲೆ ಇನ್ನೂ ಹಸಿ. ಅರಳದೆ ಹಾಗೇ ಕೂತರೆ ಹೊತ್ತು ಮೀರಿದೆ. ಮನಸ್ಸಿಲ್ಲದ ಮನಸ್ಸಿನಿಂದ ಒಂದೊಂದೇ ಎಲೆ ಬಿಡಿಸಿಕೊಂಡರೆ ಸರಿ. ಆಮೇಲೆ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. "ಈಗ ಹಣ್ಣಿನ ವಾಸನೆ ಬಂತು. ಇನ್ನು ಸ್ವಲ್ಪ ಬಿಟ್ರೆ ದನಕ್ಕೆ ಹಾಕ್ಬೇಕು ಇದನ್ನ," ಎನ್ನುತ್ತಾರೆ. ಕೆಳಗೆ ರೋಲರ್ ಯಂತ್ರದ ಹತ್ತಿರ ನಿಂತ ಮಲ್ಲಿಕಾಗೆ ಕೈಬೀಸುತ್ತಾರೆ. ಯಂತ್ರ ಶುರುವಾಗುತ್ತದೆ, ಎಲೆ ನಲುಗುತ್ತದೆ, ಹಸಿರು ನಿಧಾನವಾಗಿ ತಾಮ್ರಕ್ಕೆ ತಿರುಗುತ್ತದೆ.

ಐದು ಕಿಲೋ ಹಸಿ ಎಲೆ ಒಣಗಿ ಒಂದು ಕಿಲೋ ಪುಡಿಯಾಗುತ್ತದೆ. ಉಳಿದ ನಾಲ್ಕು ಕಿಲೋ ಗಾಳಿಗೆ ಹೋಗುವುದನ್ನು ನೋಡಿಕೊಳ್ಳುವುದೇ ತಮ್ಮ ಕೆಲಸ ಎನ್ನುತ್ತಾರೆ ಸುನಿಲ್. ಅವರ ಊರು ಶ್ರೀಲಂಕಾದ ಬದುಲ್ಲ. ಅವರ ಅಪ್ಪನೂ ಚಹಾ ಕಾರ್ಖಾನೆಯಲ್ಲೇ ದುಡಿದವರು. ಅಲ್ಲಿ ಡೀಸೆಲ್ಲೂ ಇಲ್ಲದೆ ಗೊಬ್ಬರವೂ ಇಲ್ಲದೆ ಕಾರ್ಖಾನೆ ನಿಂತುಹೋದ ವರ್ಷ ಇಲ್ಲಿಂದ ಕರೆ ಬಂತು. ಕರೆಸಿದವರು ನರಸಿಂಹರಾಜಪುರದ ಗಂಗಾಧರ್. ಮನೆತನದ ಅಡಿಕೆ ವ್ಯಾಪಾರ ಸಾಕೆನಿಸಿ, ಬಾಗಿಲು ಹಾಕಿದ್ದ ಈ ಕಾರ್ಖಾನೆ ಕೊಂಡಿದ್ದರು. "ಯಂತ್ರ ಎಲ್ಲ ತಂದೆ. ಪುಡಿ ಬಂತು. ಕುಡಿದು ನೋಡಿದ್ರೆ ಗೋಣಿಚೀಲ ನೆನೆಸಿದ ಹಾಗೆ," ಎಂದು ಅವರು ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ.

ಎಸ್ಟೇಟಿನ ಆಳುಗಳ ಸಾಲುಮನೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ; ಅಲ್ಲಿನ ಒಂದು ಮನೆಯಲ್ಲಿ ಸುನಿಲ್ ಒಬ್ಬರೇ ಇದ್ದಾರೆ. ಕನ್ನಡ ಕಲಿತದ್ದು ಭೈರಮ್ಮನ ಹೋಟೆಲಿನ ಬೆಂಚಿನಲ್ಲಿ, ಜಗಳದ ಮೂಲಕ. "ಅಕ್ಕ ಅನ್ನೂದಕ್ಕೆ ನಮ್ಮಲ್ಲೂ ಅಕ್ಕ ಅಂತಲೇ. ಅದೊಂದು ಮಾತು ಊರಿಂದ ತಂದಿದ್ದೆ. ಉಳಿದದ್ದು ಎಲ್ಲ ಅಕ್ಕನ ಹತ್ರ ಬೈಸಿಕೊಂಡು ಬಂದದ್ದು," ಎನ್ನುತ್ತಾರೆ. ಬದುಲ್ಲದಲ್ಲಿ ಹೆಂಡತಿ ಇದ್ದಾರೆ, ನರ್ಸಿಂಗ್ ಓದುವ ಮಗಳಿದ್ದಾಳೆ. ಮಗಳಿಗೆ ಉಳಿದಿರುವುದು ಒಂದು ವರ್ಷ. ಅಲ್ಲಿಯವರೆಗೆ ಅಪ್ಪನ ವೀಸಾ ನಡೆದರೆ ಅವಳ ಓದೂ ನಡೆಯುತ್ತದೆ.

ಪ್ರತಿ ವರ್ಷ ಆ ವೀಸಾ ಮುಂದುವರಿಯಬೇಕು. ಗಂಗಾಧರ್ ಕಂಪ್ಯೂಟರಿನಲ್ಲಿ ಅರ್ಜಿ ಹಾಕುತ್ತಾರೆ. ಅರ್ಜಿದಾರ ಹೇಳಿದ ವಿಳಾಸದಲ್ಲಿ ಇದ್ದಾನೆಯೇ ಎಂದು ಪೊಲೀಸರು ಬಂದು ನೋಡುತ್ತಾರೆ. ಹಿಂದೆ ಬರುತ್ತಿದ್ದವರಿಗೆ ಸುನಿಲ್ ಪರಿಚಯವಿತ್ತು. ಈ ಸಲ ಬಂದದ್ದು ಬಯಲುಸೀಮೆಯಿಂದ ವರ್ಗವಾಗಿ ಬಂದ ಹೊಸ ಕಾನ್‌ಸ್ಟೆಬಲ್ ಅವಿನಾಶ. ಪುಡಿ ಒಣಗಿಸುವ ಡ್ರೈಯರ್ ಉರಿಯುತ್ತಿದ್ದ ಹೊತ್ತು. ಆಗ ಸುನಿಲ್ ಫೋನು ಹೊರಗಿಟ್ಟು ಒಳಗಿರುತ್ತಾರೆ, ದೇವರು ಕರೆದರೂ ಬರುವುದಿಲ್ಲ. ಅವಿನಾಶ ಭೈರಮ್ಮನ ಹೋಟೆಲಿನಲ್ಲಿ ಕೂತು, ಕುದಿದ ಚಹಾ ಕುಡಿಯುತ್ತ ಲೋಕಾಭಿರಾಮ ಮಾತಾಡಿದ. ಭೈರಮ್ಮ ಯಾವ ಜನ ಎಂಬುದನ್ನೂ ಮಾತಿನ ನಡುವೆ ಕೇಳಿ ತಿಳಿದುಕೊಂಡ. ಕೊನೆಗೆ ವಿಷಯಕ್ಕೆ ಬಂದ.

"ಇಲ್ಲಿ ಯಾರೋ ಫಾರಿನ್ನಿನವರು ಅದಾರಂತಲ್ಲ, ಬಂಡಾರ ಅಂತ?"

ಎಲೆ ಸಾಗಿಸುವ ಪಿಕಪ್‌ನ ಡ್ರೈವರ್ ಜಟ್ಟಪ್ಪ ಪಕ್ಕದಲ್ಲೇ ಇದ್ದರು. "ಫಾರಿನ್ನಿನವರಾ? ಇಲ್ಲೆಲ್ಲಿ ಮಾರಾಯ್ರೆ. ನಾವು ನಾವೇ ಇರೂದು."

"ಸುನಿಲ್ ಬಂಡಾರ."

"ಸುನಿಲ ಇದಾನೆ. ಅವ ನಮ್ಮವನೇ," ಎಂದರು ಭೈರಮ್ಮ. "ಇಲ್ಲಿಯವನೇ. ಎಂತಕ್ಕೆ?"

ಪೊಲೀಸರು ಯಾರನ್ನಾದರೂ ಕೇಳಿಕೊಂಡು ಬಂದರೆ ಮೊದಲು ನಮ್ಮವನು ಎಂದುಬಿಡಬೇಕು, ಕಾರಣ ಆಮೇಲೆ ಕೇಳಬೇಕು. ಇದು ಲೈನಿನ ಕಾನೂನು. ಅದರಿಂದ ಇದುವರೆಗೆ ಯಾರಿಗೂ ಕೇಡಾಗಿರಲಿಲ್ಲ. ಅವಿನಾಶನಿಗೂ ಕೆಲಸ ಸಲೀಸಾಗಿ ಮುಗಿದ ಸಮಾಧಾನ. ಸದರಿ ವಿಳಾಸದಲ್ಲಿ ವಿದೇಶಿ ಪ್ರಜೆ ಯಾರೂ ವಾಸವಿಲ್ಲವೆಂದು ವರದಿ ಹೋಯಿತು.

ಅರ್ಜಿಯ ಮೇಲೆ ಆಕ್ಷೇಪಣೆ ಬಂದಾಗ ವೀಸಾ ಮುಗಿಯಲು ವಾರವೂ ಇರಲಿಲ್ಲ. ಠಾಣೆಯಿಂದ ಸರಿಯಾದ ವರದಿ ಸಂಜೆಯೊಳಗೆ ಹೋಗದಿದ್ದರೆ ಸುನಿಲ್ ಗಂಟುಮೂಟೆ ಕಟ್ಟಬೇಕು. ಗಂಗಾಧರ್ ಫೋನು ಹಿಡಿದುಕೊಂಡು ಹೋಟೆಲಿಗೆ ಓಡಿಬಂದರು. ಹಿಂದಿನಿಂದ ನಡೆದುಕೊಂಡೇ ಬಂದವರು ಸುನಿಲ್, ಮೈಯೆಲ್ಲ ಪುಡಿ.

"ನಾ ಎಂತ ಸುಳ್ಳು ಹೇಳ್ದೆ? ನಮ್ಮವನು ಅಂದೆ," ಎಂದರು ಭೈರಮ್ಮ.

"ಅದಕ್ಕೇ ಅಕ್ಕ, ಈಗ ನನ್ನ ಕಳಿಸ್ತಾರೆ," ಎಂದರು ಸುನಿಲ್.

ಭೈರಮ್ಮ ಒಲೆ ಆರಿಸಿದರು. ಹಗಲು ಹೊತ್ತಿನಲ್ಲಿ ಆ ಒಲೆ ಆರಿದ್ದನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಎಲೆ ತುಂಬುವ ಪಿಕಪ್‌ಗೆ ಜನ ತುಂಬಿತು. ಎಲೆ ಕೀಳುವ ಹೆಂಗಸರು ಬುಟ್ಟಿಯನ್ನೂ ಇಳಿಸದೆ ಹತ್ತಿದರು. ಮಲ್ಲಿಕಾ ರೋಲರ್ ನಿಲ್ಲಿಸಿ ಬಂದಳು. "ಸುನಿಲಣ್ಣ ಹೋದ್ರೆ ಮೆಷಿನ್ ಇರ್ತದೆ, ಚಾ ಇರಲ್ಲ," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳಂತೆ. ಜಟ್ಟಪ್ಪ ಅಂದು ಓಡಿಸಿದ ವೇಗದ ವಿಷಯ ಠಾಣೆಯಲ್ಲಿ ಯಾರೂ ಎತ್ತಲಿಲ್ಲ, ಅದು ಅವರ ಪುಣ್ಯ.

ಠಾಣೆಯ ಸಾಹೇಬರು ಪಾಸ್‌ಪೋರ್ಟ್ ತಿರುವಿ ನೋಡಿ ಮೇಜಿನ ಮೇಲಿಟ್ಟರು. "ಈ ಮನುಷ್ಯ ಯಾವ ದೇಶದವರು ಅಂತ ನನಗೂ ಓದಲಿಕ್ಕೆ ಬರ್ತದೆ. ಇವರು ನಿಮ್ಮ ನಡುವೆ ಇದಾರೆ ಅಂತ ಹೇಳಬೇಕಾದವರು ನೀವು. ಮೊನ್ನೆ ಫಾರಿನ್ನಿನವರು ಯಾರೂ ಇಲ್ಲ, ಇವ ಇಲ್ಲಿಯವನೇ ಅಂದ್ರಿ. ಇವತ್ತು ಹೊರದೇಶದವರು ಅಂತೀರಿ. ನಿಮ್ಮ ಯಾವ ಮಾತು ನಂಬಲಿ?"

ಹೀಗೆ, ತಮ್ಮವನೊಬ್ಬ ತಮ್ಮವನಲ್ಲವೆಂದು ರುಜುವಾತು ಮಾಡುವ ಕೆಲಸ ಊರಿನ ಮೇಲೆ ಬಿತ್ತು. ಜಟ್ಟಪ್ಪ ಮುಂದೆ ಬಂದರು.

"ಚಾಕ್ಕೆ ಸಕ್ಕರೆ ಹಾಕಲ್ಲ ಸಾರ್, ಬೆಲ್ಲ ಕಚ್ಚಿಕೊಂಡು ಕುಡೀತಾರೆ."

"ನಮ್ಮಜ್ಜನೂ ಹಾಗೇ ಕುಡೀತಿದ್ದರು."

"ಸಾರಿಗೆ ಕಾಯಿಹಾಲು ಹಾಕ್ತಾರೆ."

"ಘಟ್ಟದ ಕೆಳಗೆ ಎಲ್ಲರೂ ಹಾಕ್ತಾರೆ."

"ಎಳೆ ಹಲಸಿನಕಾಯಿ ಸಿಕ್ಕಿದ್ರೆ ಬಿಡಲ್ಲ ಸಾರ್, ಬೇಯಿಸಿಬಿಡ್ತಾರೆ."

"ನಿಮ್ಮ ಮನೇಲಿ ಮಾಡಲ್ವಾ?"

"ಮಾಡ್ತೇವೆ," ಎಂದು ಜಟ್ಟಪ್ಪ ಒಪ್ಪಿಕೊಂಡು ಹಿಂದೆ ಸರಿದರು.

ತಾವೇ ಬಾಯಿ ಹಾಕಿ ಸುನಿಲ್ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಿದರು. "ನಾ ಬದುಲ್ಲದವನೇ ಸಾರ್. ಎಂತ ಮಾಡೂದು ಮಾರಾಯ್ರೆ, ಇವ್ರಿಗೆ ಹೇಳ್ಲಿಕ್ಕೆ ಬರೂದಿಲ್ಲ." ಸಾಹೇಬರು ಒಮ್ಮೆ ಅವರ ಮುಖ, ಒಮ್ಮೆ ಪಾಸ್‌ಪೋರ್ಟಿನ ಫೋಟೋ ನೋಡಿದರು. ಗೋಡೆಯ ಗಡಿಯಾರ ನಾಲ್ಕು ದಾಟಿತ್ತು.

ಆಗ ಭೈರಮ್ಮ ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಹೋದರು.

"ನಾಲ್ಕು ವರ್ಷ ಆಯ್ತು ಸಾರ್ ಇವ ಬಂದು. ದಿನಾ ನನ್ನ ಬೆಂಚಿನ ಮೇಲೆ ಕೂರ್ತಾನೆ. ಯಾವ ಜನ ಅಂತ ಇವತ್ತಿನವರೆಗೆ ಒಬ್ಬರನ್ನೂ ಕೇಳಿಲ್ಲ. ಇಲ್ಲಿ ಹುಟ್ಟಿದವ ಆಗಿದ್ರೆ ಕೇಳದೆ ಇರ್ತಿದ್ನಾ? ನಿಮ್ಮ ಈ ಸಾರ್ ಮೊನ್ನೆ ಚಾ ಆರೂದರೊಳಗೆ ಕೇಳಿದ್ರು."

ಅವಿನಾಶ ಫ್ಯಾನು ನೋಡಿದ. ಜಟ್ಟಪ್ಪ ತಮ್ಮ ಚಪ್ಪಲಿ ನೋಡಿಕೊಂಡರು. ಸಾಹೇಬರು ಪಾಸ್‌ಪೋರ್ಟ್ ಮುಚ್ಚಿದರು. ಆಮೇಲೆ ಅವಿನಾಶನ ಕಡೆ ತಿರುಗಿ, "ಹೇಳಿಕೆ ಬರ್ಕೊಳ್ಳಿ," ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಿನಾಶ ಓದಿ ಹೇಳಿದ್ದನ್ನು ಕೇಳಿದ ಭೈರಮ್ಮ ಪೆನ್ನು ಕೆಳಗಿಟ್ಟರು. ಬೇರೆ ದೇಶದವನು, ನಾಲ್ಕು ವರ್ಷಗಳಿಂದ ಲೈನಿನಲ್ಲಿ ವಾಸ, ಎಲ್ಲ ಸರಿ. ನಮ್ಮವನು ಎಂಬುದು ಎಲ್ಲಿ?

"ಅದು ಬರೆಯೋ ಹಂಗಿಲ್ಲಮ್ಮ," ಎಂದ ಅವಿನಾಶ.

"ಹಾಗಾದ್ರೆ ನಾ ರುಜು ಹಾಕೂದಿಲ್ಲ. ಮೊನ್ನೆ ಹೇಳಿದ್ದು ಸುಳ್ಳು ಅಂತ ಆಗ್ತದೆ."

ಗಂಗಾಧರ್ ಹಣೆ ಹಿಡಿದುಕೊಂಡರು. "ಹಾಕಿ ಅಕ್ಕ, ನನ್ನ ಮಗಳ ಓದು ಉಂಟು," ಎಂದು ಸುನಿಲ್ ಬೇಡಿಕೊಂಡರು. ಭೈರಮ್ಮ ಅಲುಗಲಿಲ್ಲ. ಗಡಿಯಾರ ಮಾತ್ರ ಅಲುಗಿತು. ಕೊನೆಗೆ ಸಾಹೇಬರೇ ಕಾಗದ ಎಳೆದುಕೊಂಡು ಒಂದು ಸಾಲು ಸೇರಿಸಿ ಓದಿದರು: "ಸದರಿಯವರು ಸ್ಥಳೀಯರೊಂದಿಗೆ ಅನ್ಯೋನ್ಯವಾಗಿರುತ್ತಾರೆ."

"ಅಂದ್ರೆ?"

"ನಮ್ಮವನು ಅಂತಲೇ."

ಭೈರಮ್ಮ ರುಜು ಹಾಕಿದರು.

ಉತ್ತರ ಬಂದದ್ದು ವೀಸಾ ಮುಗಿಯುವ ಹಿಂದಿನ ದಿನ, ಡ್ರೈಯರ್ ಉರಿಯುತ್ತಿದ್ದಾಗ. ಹೊರಗಿಟ್ಟ ಫೋನನ್ನು ನೋಡಿದವಳು ಮಲ್ಲಿಕಾ. ಒಳಗೆ ಓಡಿಹೋಗಿ ಯಂತ್ರದ ಸದ್ದಿನಲ್ಲಿ ಮೂರು ಸಲ ಕೂಗಿದಳು. ಸುನಿಲ್ ತಲೆಯಾಡಿಸಿ, ಒಣಗುತ್ತಿದ್ದ ಪುಡಿ ಪೂರ್ತಿ ಇಳಿಯುವವರೆಗೆ ನಿಂತಲ್ಲೇ ನಿಂತಿದ್ದು, ಆಮೇಲೆ ಗೇಟಿನವರೆಗೆ ಓಡಿದರು. ಅವರು ಓಡಿದ್ದನ್ನೂ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಮುಂದೇನು ಆಸೆ ಎಂದು ಕೇಳಿದರೆ ಸುನಿಲ್ ಹೆಚ್ಚಿನದೇನನ್ನೂ ಹೇಳುವುದಿಲ್ಲ. "ಮಗಳ ಓದು ಮುಗೀಬೇಕು. ಮತ್ತೆ, ನಾನು ಊರಿಗೆ ಹೋಗೂದರೊಳಗೆ ಅಕ್ಕ ಒಂದೇ ಒಂದು ದಿನ ಪಾತ್ರೆ ಇಳಿಸಿ ಪುಡಿ ಹಾಕ್ಬೇಕು. ನಾ ಮಾಡಿದ ಚಾ ಹ್ಯಾಗಿರ್ತದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ."

ಒಲೆಯ ಹಿಂದಿನಿಂದ ಭೈರಮ್ಮ, "ಅದು ನಿಮ್ಮ ದೇಶದಲ್ಲಿ," ಎನ್ನುತ್ತಾರೆ.

ವೀಸಾ ಒಂದು ವರ್ಷಕ್ಕೆ ಮುಂದುವರಿದಿದೆ. ಪುಡಿ ಒಲೆಯ ಮೇಲೆಯೇ ಕುದಿಯುತ್ತಿದೆ.