ಅಡುಗೆಮನೆಯ ಕಿಟಕಿಯಿಂದ ತೆಗೆದ ಫೋಟೋ

ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ನಾನು ಪಂಜಾಬಿನ ಒಂದು ವಿಮಾನ ನೆಲೆಯಲ್ಲಿದ್ದೆ. ಬಾಂಬು ಬಿದ್ದು ರನ್‌ವೇ ಮೇಲಾದ ಗುಂಡಿಗಳನ್ನು ನಮ್ಮ ವಿಮಾನ ಇಳಿಯುವುದರೊಳಗೆ ಮುಚ್ಚುವುದು ನಮ್ಮ ತುಕಡಿಯ ಕೆಲಸ. ನಮ್ಮ ಬೆಳಗಾವಿ ಕಡೆಯವರು ಅಲ್ಲಿ ಇನ್ನಿಬ್ಬರಿದ್ದರು. ಕಣಕುಂಬಿಯವನೊಬ್ಬ ನನ್ನ ಜೊತೆಗೇ ಸಲಿಕೆ ಹಿಡಿಯುತ್ತಿದ್ದ. ಮೂರನೆಯ ದಿನದ ದಾಳಿಯಲ್ಲಿ ಸತ್ತ. ಖಾನಾಪುರದವನೊಬ್ಬ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ. ಅವನ ಹತ್ತಿರ ಯಾರೋ ಸಾಹೇಬರು ಬಿಟ್ಟುಹೋದ ಹಳೆಯ ಕ್ಯಾಮೆರಾ ಇತ್ತು.

ನಿವೃತ್ತನಾಗಿ ನಾನು ಬೆಳಗಾವಿಗೆ ಬಂದು ರವಿವಾರ ಪೇಟೆಯ ಬೆಲ್ಲದ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದೆ. ಒಂದು ಆಗಸ್ಟ್ ಹದಿನೈದಕ್ಕೆ ಮಗಳು ಶಾಲೆಯಿಂದ ಓಡುತ್ತ ಬಂದಳು.

"ಅಪ್ಪಾ, ಖಾನಾಪುರದ ಕಾಕಾ ಒಬ್ರು ಬಂದಿದ್ರು. ಯುದ್ಧದ ಫೋಟೋ ತೋರ್ಸಿದ್ರು! ನಿನ್ನ ಕಡೆ ಯಾಕ ಒಂದೂ ಇಲ್ಲ?"

ಮೆಸ್ಸಿನ ಆ ಅಡುಗೆಯವನಿಗೆ ಶಾಲು ಹೊದಿಸಿದರಂತೆ. ನನಗೆ ಊಟ ಸೇರಲಿಲ್ಲ. ಬಾಂಬಿನ ಕೆಳಗೆ ಓಡಾಡಿದವನು ನಾನು, ಬೇಳೆ ಕುದಿಸಿದವನಿಗೆ ಶಾಲು! ಹೆಂಡತಿ, "ಅವರ ಬೇಳಿ ಉಂಡಽ ನೀವು ಗುಂಡಿ ಮುಚ್ಚಿದ್ರಿ" ಎಂದಳು. ಅದು ಇನ್ನಷ್ಟು ಉರಿಸಿತು.

ಮುಂದಿನ ರಜೆಗೆ ಖಾನಾಪುರಕ್ಕೆ ಹೋದೆ. "ಬಾರೋ ದೋಸ್ತ, ಕುಂದರು" ಎಂದು ಅವನು ತಬ್ಬಿಕೊಂಡ, ತಾನೇ ಚಹಾ ಮಾಡಿ ಕೊಟ್ಟ. ಆಲ್ಬಂ ತೆಗೆದ. ವಿಮಾನ ನೆಲೆಯಲ್ಲಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಅಡುಗೆಮನೆಯ ಕಿಟಕಿಯಿಂದ ಕದ್ದು ತೆಗೆದಿದ್ದ. ಒಂದರಲ್ಲಿ ಐದು ಜನ ಬೆನ್ನು ಮಾಡಿಕೊಂಡು ಗುಂಡಿಗೆ ಮಣ್ಣು ತುಂಬುತ್ತಿದ್ದರು. ನಡುವಿನವನ ಎಡ ಮೊಣಕೈಗೆ ಗಾಯದ ಪಟ್ಟಿ ಇತ್ತು.

"ಇಂವ ನಾನು" ಎಂದೆ.

"ಅಲ್ಲಲೇ, ಅದು ನಮ್ಮ ಕಣಕುಂಬಿಯಾಂವ."

"ಪಟ್ಟಿ ನೋಡು. ಕಟ್ಟಿದಾಂವ ನೀನ ಅಲ್ಲೇನು? ಅಂವ ಇಲ್ಲಿ ಅದಾನ." ಎಡಗಡೆಯ ಅಂಚಿನಲ್ಲಿ, ದೂಳಿನಲ್ಲಿ ಅರ್ಧ ಮಸುಕಾಗಿ ಬಗ್ಗಿದವನನ್ನು ತೋರಿಸಿದೆ.

ಅವನ ಮುಖ ಸಣ್ಣದಾಯಿತು. "ಘಾತ ಆತಲ್ಲೋ. ಮಗನ ಫೋಟೋ ಒಂದೂ ಇಲ್ಲಂತ ಅವರವ್ವ ಅಳತಿದ್ಲು. ಇದನ್ನ ದೊಡ್ಡದು ಮಾಡ್ಸಿ, ನಡುವಿನಾಂವ ನಿನ್ನ ಮಗ ಅಂತ ಹೇಳಿ ಕೊಟ್ಟ ಬಂದೇನಿ."

ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಆ ಯುದ್ಧದಲ್ಲಿ ನನಗಿದ್ದ ಒಂದೇ ಒಂದು ಫೋಟೋ ಅದು. ಅದನ್ನೂ ಸತ್ತವನು ಕಿತ್ತುಕೊಂಡಂತೆ ಅನಿಸಿತು. ನಿಜ ಹೇಳಿಯೇ ಬರೋಣವೆಂದು ಹಟ ಹಿಡಿದು, ಅವನನ್ನೂ ಎಳೆದುಕೊಂಡು ಕಣಕುಂಬಿಯ ಬಸ್ಸು ಹತ್ತಿದೆ.

ಆ ತಾಯಿಯ ಮನೆಯ ಗೋಡೆಯ ಮೇಲೆ ನಾನಿದ್ದೆ. ಚೆಂಡುಹೂವಿನ ಮಾಲೆ. ನನ್ನ ಬೆನ್ನಿನ ಮೇಲೆ ಕುಂಕುಮದ ಬೊಟ್ಟು.

"ಬೆನ್ನು ನೋಡ್ರಿ, ಥೇಟ್ ಅವರಪ್ಪಂದು" ಎಂದಳು ಮುದುಕಿ. ನಮಗೆ ಗಂಜಿ ಬಡಿಸಿ, ನನ್ನ ಕಡೆ ತಿರುಗಿ ಕೇಳಿದಳು, "ನೀವೂ ಅಲ್ಲೇ ಇದ್ರಂತ. ಇದರಾಗ ನೀವು ಯಾರ್ರಿ?"

ಅಡುಗೆಯವ ಬಟ್ಟಲಿನಿಂದ ತಲೆ ಎತ್ತಲಿಲ್ಲ. ನಾನು ಎದ್ದು ಹೋಗಿ ಫೋಟೋದ ಮುಂದೆ ನಿಂತೆ. ಬೆರಳು ನಡುವಿನವನ ಹತ್ತಿರವೇ ಹೋಗಿತ್ತು. ಆಕೆಯ ಉಸಿರು ನನ್ನ ಪಕ್ಕದಲ್ಲೇ ಕೇಳುತ್ತಿತ್ತು. ಬೆರಳನ್ನು ಎಡಕ್ಕೆ ಸರಿಸಿ, ಅಂಚಿನಲ್ಲಿದ್ದ ಆಕೆಯ ಮಗನ ಮೇಲಿಟ್ಟೆ.

"ಇಂವ ನಾನು, ಅವ್ವಾ."

ಆಕೆ ಕಣ್ಣು ಕಿರಿದಾಗಿಸಿ ನೋಡಿದಳು. "ಪಾಪ, ಮಸುಕಾಗಿ ಬಂದೀರಿ" ಎಂದು ಸೆರಗಿನಿಂದ ಆ ಜಾಗದ ಗಾಜನ್ನು ಒರೆಸಿದಳು.

ಬಸ್ಸಿನಲ್ಲಿ ಅಡುಗೆಯವ ನನ್ನ ಕೈ ಹಿಡಿದುಕೊಂಡು ಅತ್ತ. ದೊಡ್ಡ ಮನುಷ್ಯ ನೀನು ಎಂದ. ಜಾಂಬೋಟಿ ದಾಟುವವರೆಗೂ ನಾನು ನನ್ನ ಬೆನ್ನಿಗೆ ಬಿದ್ದಿದ್ದ ಆ ಮಾಲೆಯ ಬಗ್ಗೆಯೇ ಯೋಚಿಸುತ್ತಿದ್ದೆ ಎಂದು ಅವನಿಗೆ ಹೇಳಲಿಲ್ಲ. ಆಮೇಲೆ ಮುದುಕಿ ಇರುವವರೆಗೂ ವರ್ಷಕ್ಕೊಮ್ಮೆ ಹೋಗಿ ಬಂದೆ. ಆಕೆ ಮಗನ ಹಳೆಯ ಸುದ್ದಿ ಹೇಳುತ್ತಿದ್ದಳು. ನಾನು ಹೂಂಗುಡುತ್ತಿದ್ದೆ, ಕಣ್ಣು ಮಾತ್ರ ಗೋಡೆಯ ಕಡೆಗೇ ಇರುತ್ತಿತ್ತು.