ಉದ್ದ ಸೀಟಿ

ಊರಿಗೆಲ್ಲ ಅವಳು ಸೀಟಿಯಕ್ಕ. ಕಲ್ಲುಗಣಿ ನಡೆಯುತ್ತಿದ್ದ ಕಾಲದಲ್ಲಿ ಬಂಡೆ ಸಿಡಿಸುವ ಮುನ್ನ ಸೀಟಿ ಊದುತ್ತಿದ್ದವಳು. ಹರೆಯದಲ್ಲಿ ಜಲ್ಲಿ ಹೊರಲು ಸೇರಿದ್ದಳು. ಒಮ್ಮೆ ಸೀಟಿಯವನು ಜ್ವರ ಬಂದು ಮಲಗಿದಾಗ ಮೇಸ್ತ್ರಿ, "ಇವಳು ಹೊಂಡದ ಈ ದಡದಲ್ಲಿ ನಿಂತು ಬೈದ್ರೆ ಆ ದಡದೋರಿಗೆ ರೋಷ ಬರುತ್ತೆ. ಇವಳಿಗೇ ಕೊಡಿ," ಎಂದು ಹಿತ್ತಾಳೆಯ ಸೀಟಿಯನ್ನು ಅವಳ ಕೈಗಿತ್ತ. ಆಮೇಲೆ ಅದು ಅವಳ ಕೊರಳು ಬಿಡಲಿಲ್ಲ.

ತುಂಡು ತುಂಡಾಗಿ ಊದಿದರೆ, ಕೈಲಿದ್ದುದನ್ನು ಬಿಟ್ಟು ಸೂರಿನಂತಿದ್ದ ಚಾಚುಬಂಡೆಯ ಅಡಿಗೆ ಓಡು ಎಂದರ್ಥ. ಸಿಡಿದ ಮೇಲೆ ಅವಳೊಬ್ಬಳೇ ಹೊರಬಂದು, ಸಡಿಲಾದ ಕಲ್ಲು ಎಲ್ಲಾದರೂ ನೇತಾಡುತ್ತಿದೆಯೇ ಎಂದು ಸುತ್ತ ನೋಡಿ, ಒಂದು ಉದ್ದ ಸೀಟಿ ಊದಿದರೆ, ಇನ್ನು ಬನ್ನಿ ಎಂದರ್ಥ. ಧಣಿಯೇ ಬಂದು ಕರೆದರೂ ಆ ಉದ್ದ ಸೀಟಿ ಕೇಳುವ ತನಕ ಒಬ್ಬರೂ ಮಿಸುಕುತ್ತಿರಲಿಲ್ಲ. ಅವಳ ಕಾಲದಲ್ಲಿ ಯಾರ ಮೈಗೂ ಕಲ್ಲು ತಾಗಲಿಲ್ಲ.

ಗಣಿ ಮುಚ್ಚಿತು. ಹೊಂಡದಲ್ಲಿ ನೀರು ನಿಂತಿತು. ವರ್ಷಗಳು ಕಳೆದಂತೆ ಧೂಳೆಲ್ಲ ತಳ ಸೇರಿ, ನೀರು ನವಿಲ ಕೊರಳಿನ ಬಣ್ಣ ತಳೆಯಿತು. ಆದರೂ ನೋಡುವವರಿರಲಿಲ್ಲ. ಹೆದ್ದಾರಿಯ ಪಕ್ಕ ಚಹದಂಗಡಿ ಇಟ್ಟಿದ್ದ ಅವಳ ನಾದಿನಿ ಹೇಳುತ್ತಿದ್ದಳು: "ನಮ್ಮೂರಿಗೆ ಬರೋರು ಎರಡೇ ಥರ. ದಾರಿ ತಪ್ಪಿದೋರು, ಇಲ್ಲಾ ಟೈರ್ ಪಂಕ್ಚರ್ ಆದೋರು."

ಅಂಥ ಊರಿನ ನಗರಸಭೆ ಈಗ ಆ ಹೊಂಡವನ್ನೇ ದೊಡ್ಡ ಪ್ರವಾಸಿ ತಾಣ ಮಾಡಿತು. ಬಂಡೆಯ ಮೈಗಂಟಿದ ಕಾಲುದಾರಿ, ನೀರಿನ ಮೇಲೆ ಚಾಚಿದ ಗಾಜಿನ ಜಗಲಿ, ಬಣ್ಣಬಣ್ಣದ ದೋಣಿಗಳು. ದೋಣಿಕಟ್ಟೆಯಲ್ಲಿ ಜನರನ್ನು ನೋಡಿಕೊಳ್ಳುವ ಕೆಲಸ ಕೊಡಿ ಎಂದು ಸೀಟಿಯಕ್ಕ ಹೋಗಿ ಕೇಳಿದಳು. ತಾಣದ ಮ್ಯಾನೇಜರ್ ಹೊರಗಿನಿಂದ ಬಂದವನು, ಕೆಟ್ಟವನಲ್ಲ, ಅವಸರದವನು.

"ಉದ್ಘಾಟನೆಗೆ ಮೊದಲು ಒಂದು ದಿನ ಜನರನ್ನ ಬಿಟ್ಟು ನೋಡ್ತೀವಿ ಅಮ್ಮಾ. ಅವತ್ತು ಸರಿಯಾಗಿ ನಡೆಸಿಕೊಟ್ರೆ ಕೆಲಸ ಖಾಯಂ. ಇಲ್ದಿದ್ರೆ ಏಜೆನ್ಸಿಯೋರು ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ಹೊಟ್ಟೆಪಾಡಿಗೆ ನಾದಿನಿಯ ಅಂಗಡಿಯಲ್ಲಿ ಲೋಟ ತೊಳೆಯುವ ಕೆಲಸವಿತ್ತು. ಆದರೆ ಆ ಹೊಂಡದ ಅಂಚಿನಲ್ಲಿ ಬೇರೆ ಯಾರೋ ನಿಲ್ಲುವುದು, ತಾನು ಟಿಕೆಟ್ ಕೊಂಡು ಒಳಗೆ ಹೋಗುವುದೆಂದರೆ ಸ್ವಂತ ಅಡುಗೆಮನೆಗೆ ಕದ ತಟ್ಟಿ ಹೋದಂತೆ. ಅದು ಅವಳಿಗೆ ಆಗದ ಮಾತು.

ಆ ದಿನ ಹೊರಡುವಾಗ ನಾದಿನಿ ಎಂದಳು: "ಅತ್ತಿಗೆ, ಬಂದೋರ ಹತ್ರ ಸ್ವಲ್ಪ ನಗ್ತಾ ಮಾತಾಡಿ."

"ನಿನ್ನ ಚಹಾ ಕುಡಿದೂ ಇಷ್ಟು ವರ್ಷ ನಗ್ತಾನೇ ಇದೀನಲ್ಲೇ," ಎಂದು ಸೀಟಿಯಕ್ಕ ಚಪ್ಪಲಿ ಮೆಟ್ಟಿದಳು.

ಬಂದವರಲ್ಲಿ ಅರ್ಧ ಊರಿನವರು, ಅರ್ಧ ಹೊರಗಿನವರು. ಮಧ್ಯಾಹ್ನದವರೆಗೆ ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು. ಕೊನೆಯ ದೋಣಿ ಕಾದಿತ್ತು. ಜನರೋ ಗಾಜಿನ ಜಗಲಿಯಲ್ಲಿ ಫೋಟೋ ತೆಗೆಯುತ್ತ ಮೈಮರೆತಿದ್ದರು. "ಬೇಗ ಕರೀರಿ ಅಮ್ಮಾ," ಎಂದ ಮ್ಯಾನೇಜರ್. ಅವನು ಕೊಟ್ಟಿದ್ದ ಪ್ಲಾಸ್ಟಿಕ್ ಸೀಟಿ ಕೀಚಲು ದನಿಯದು, ಯಾರೂ ತಿರುಗಿ ನೋಡಲಿಲ್ಲ. ಅವಳ ಕೈ ತಾನಾಗಿ ಕೊರಳಿನ ಹಿತ್ತಾಳೆಯ ಸೀಟಿಗೆ ಹೋಯಿತು. ತುಟಿಗೆ ಗೊತ್ತಿದ್ದುದನ್ನು ತುಟಿ ಮಾಡಿತು. ತುಂಡು ತುಂಡಾಗಿ, ಎಡೆಬಿಡದೆ. ಬಂಡೆಗಳು ಆ ಸದ್ದನ್ನು ಹಿಡಿದು ಒಂದರಿಂದೊಂದಕ್ಕೆ ಎಸೆದವು.

ಊರವರು ಓಟ ಕಿತ್ತರು. ಜೀವಮಾನವಿಡೀ ಸಿಡಿಮದ್ದಿಗೆ ಕುಳಿ ಕೊರೆದು ‘ಕುಳಿ ತಾತ’ನೆಂದೇ ಹೆಸರಾಗಿದ್ದ ಮುದುಕ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಗಣಿ ಕೆಲಸದವರ ಮನೆಯಲ್ಲೇ ಬೆಳೆದ ನಗರಸಭೆ ಅಧ್ಯಕ್ಷೆ ಚಪ್ಪಲಿ ಕೈಲಿ ಹಿಡಿದು ಓಡಿದಳು. ಅಧ್ಯಕ್ಷೆಯೇ ಓಡುವುದನ್ನು ಕಂಡ ಹೊರಗಿನವರು ಯಾಕೆ ಏನೆಂದು ಕೇಳದೆ ಹಿಂದೆಯೇ ಓಡಿದರು. ಚಾಚುಬಂಡೆಯ ಅಡಿಯಲ್ಲಿ ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಕುಕ್ಕರುಗಾಲಲ್ಲಿ ಕುಳಿತರು.

ಮ್ಯಾನೇಜರ್ ಮೈಕು ಹಿಡಿದ. "ಏನೂ ಆಗಿಲ್ಲ, ದಯವಿಟ್ಟು ಹೊರಗೆ ಬನ್ನಿ." ಒಬ್ಬರೂ ಕದಲಲಿಲ್ಲ. ಅವನು ಬಂಡೆಯ ಬಳಿಗೇ ಹೋಗಿ ಬಗ್ಗಿದ. "ಮೇಡಂ, ನೀವಾದ್ರೂ ಬನ್ನಿ."

"ಹೇಗಪ್ಪಾ ಬರ್ಲಿ? ಅಕ್ಕ ಇನ್ನೂ ಊದಿಲ್ವಲ್ಲ," ಎಂದ ಅಧ್ಯಕ್ಷೆಗೆ ತನ್ನ ಮಾತು ಕೇಳಿ ತನಗೇ ನಾಚಿಕೆಯಾಯಿತು. ಆದರೂ ಏಳಲಿಲ್ಲ.

"ನೀನೂ ಒಳಗೆ ಬಾ ಮಗಾ," ಎಂದ ಕುಳಿ ತಾತ. "ಇರೋದು ಒಂದೇ ತಲೆ."

ಸೀಟಿಯಕ್ಕನಿಗೆ ತಾನು ಮಾಡಿದ್ದು ತಿಳಿಯಿತು. ಕೈಗೆ ಬಂದ ಕೆಲಸ ನೀರಿಗೆ ಬಿತ್ತು ಅಂದುಕೊಂಡಳು. ಆದರೆ ಕೆಲಸದ ಮಾತು ಆಮೇಲೆ. ಮೊದಲು ಒಳಗಿರುವವರು ಹೊರಬರಬೇಕು. ಯಾವ ಬಂಡೆಯೂ ಸಿಡಿದಿಲ್ಲವೆಂದು ಗೊತ್ತಿದ್ದೂ ಹೊಂಡದಂಚಿನಲ್ಲಿ ನಡೆದು, ಕತ್ತೆತ್ತಿ, ಪ್ರತಿಯೊಂದು ಬಿರುಕನ್ನೂ ನೋಡಿದಳು. ನೋಡದೆ ಊದುವುದು ಅವಳ ಪದ್ಧತಿಯಲ್ಲ. ಆಮೇಲೆ ಎದೆ ತುಂಬ ಉಸಿರೆಳೆದು ಉದ್ದ ಸೀಟಿ ಊದಿದಳು. ನೀರಿನ ಮೇಲೆ ಹಾಯ್ದ ಆ ದನಿ ಆಚೆ ದಡ ಮುಟ್ಟುವಷ್ಟರಲ್ಲಿ ಜನ ಮಣ್ಣು ಕೊಡವುತ್ತ, ನಗುತ್ತ ಎದ್ದು ಬಂದರು. ಕುಳಿ ತಾತನ ಸುತ್ತ ಹೊರಗಿನವರು ಮುತ್ತಿಕೊಂಡರು. ಕೊನೆಯ ದೋಣಿ ಖಾಲಿಯೇ ಉಳಿಯಿತು.

ಮ್ಯಾನೇಜರ್ ಅವಳ ಬಳಿ ಬಂದು ನಿಂತ.

"ತಪ್ಪು ನಂದೇ ಸಾರ್," ಎಂದಳು.

"ಹೌದು, ನಿಮ್ದೇ," ಎಂದ. "ನಾನು ಮೈಕಲ್ಲಿ ಗಂಟಲು ಹರ್ಕೊಂಡ್ರೂ ಒಬ್ರೂ ಕೇಳ್ಲಿಲ್ಲ. ಇಷ್ಟು ಆಳದ ನೀರು ಇಲ್ಲಿ. ನಾಳೆ ನಿಜವಾಗ್ಲೂ ಏನಾದ್ರೂ ಆದ್ರೆ ಯಾರು ಹೇಳಿದ್ರೆ ಜನ ಕೇಳ್ತಾರೆ ಅಂತ ನೋಡಿದೆ. ಬನ್ನಿ, ಕೆಲಸ ನಿಮ್ದೇ. ದೋಣಿಗೆ ಕರೆಯೋಕೆ ಮಾತ್ರ ಬೇರೆ ಥರ ಊದೋದು ಕಲೀರಿ."

"ಅದು ಆಗಲ್ಲ ಸಾರ್. ದೋಣಿಗೆ ಒಂದು ಗಂಟೆ ಕೊಡಿಸಿ. ಸೀಟಿಗೆ ಬೇರೆ ಕೆಲಸ ಇದೆ."

ಗಂಟೆ ಬಂತು. ಊರಿಗೆ ಜನವೂ ಬಂದರು, ದಾರಿ ತಪ್ಪದೆ, ಟೈರ್ ಕೆಡದೆ. ನಾದಿನಿ ದೋಣಿಕಟ್ಟೆಗೇ ಬಂದು ದೂರಿದಳು: "ಅಂಗಡಿ ತುಂಬ ಜನ. ಲೋಟ ತೊಳೆಯೋರಿಲ್ಲ ಅತ್ತಿಗೆ."

"ಗಂಟೆ ಬಾರಿಸ್ಲಾ? ಯಾರಾದ್ರೂ ಬಂದಾರು," ಎಂದಳು ಸೀಟಿಯಕ್ಕ. ಕಣ್ಣನ್ನು ಮಾತ್ರ ಜಗಲಿಯ ಮೇಲಿನ ಜನರಿಂದ ಕೀಳಲಿಲ್ಲ.